ಶೆಟ್ಟರ ಹನ್ನೆರಡು ಕುಂಡಗಳ ಉಪಚಾರ

ಇಂಗ್ಲೆಂಡಿನಲ್ಲಿ ಕರಿಬೇವಿನ ಗಿಡವೊಂದನ್ನು ಚಳಿಗಾಲ ದಾಟಿಸಿದವನಿಗೆ ನಮ್ಮವರ ನಡುವೆ ಸಿಗುವ ಮರ್ಯಾದೆ ಹೃದಯದ ಆಪರೇಷನ್ ಮಾಡುವ ಡಾಕ್ಟರಿಗೂ ಸಿಗುವುದಿಲ್ಲ. ನಮ್ಮ ಹಯವದನ ಒಂದಲ್ಲ, ಮೂರು ಗಿಡ ದಾಟಿಸಿದ್ದ. ಅಲ್ಲಿಗೆ ಅವನ ತಲೆ ತಿರುಗಿತು.

ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ನಮ್ಮ ಬೀದಿಗೆ ಭಾನುವಾರ ಬೆಳಿಗ್ಗೆ ಲೀಡ್ಸ್‌ನಿಂದ, ಮ್ಯಾಂಚೆಸ್ಟರ್‌ನಿಂದ ಕಾರುಗಳು ಬರತೊಡಗಿದವು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡ ಕರಿಬೇವು, ಮುಂದಿನ ಸೀಟಿನಲ್ಲಿ ಕಣ್ಣು ತುಂಬಿಕೊಂಡ ಮನೆಯಾಕೆ. ಹಯವದನ ಎಲೆ ತಿರುಗಿಸಿ ನೋಡಿ, ಮೂಗಿನಿಂದ ಒಂದು ಶಬ್ದ ಹೊರಡಿಸಿ, ಎಲ್ಲರಿಗೂ ಒಂದೇ ಚಿಕಿತ್ಸೆ ಹೇಳುತ್ತಿದ್ದ: ಎಲೆ ಒರೆಸಿ, ಹಿಟ್ಟು ತಿಗಣೆ ಎಂಬ ಬಿಳಿ ಹುಳ ಹತ್ತಿದ್ದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬುಡಕ್ಕೆ ಹುಳಿ ಮಜ್ಜಿಗೆ ಹಾಕಿ. ಹತ್ತರಲ್ಲಿ ಆರು ಗಿಡ ಬದುಕುತ್ತಿದ್ದವು. ಉಳಿದ ನಾಲ್ಕು, ಅವನ ಪ್ರಕಾರ, ತಡವಾಗಿ ಬಂದವು.

ಹೊಟ್ಟೆಪಾಡಿಗೆ ಅವನು ಕಾರು ಕಾರ್ಖಾನೆಯಲ್ಲಿ ವೈಪರ್‌ಗಳ ಸಾಫ್ಟ್‌ವೇರ್ ಪರೀಕ್ಷಿಸುವ ಇಂಜಿನಿಯರು. ಇಪ್ಪತ್ತು ವರ್ಷದಿಂದ ಒರೆಸುವುದೇ ಕಸುಬು. ಮನುಷ್ಯ ಬೇರೆಲ್ಲದರಲ್ಲೂ ಗೊಂದಲದ ಗೂಡು. ಮನೆ ಬೀಗದ ಕೈ ಫ್ರಿಜ್‌ನಲ್ಲಿಟ್ಟು ಇಡೀ ಬೀದಿಯಲ್ಲಿ ಹುಡುಕಿಸಿದವನು. ಆದರೆ ಒಂದು ವಿಷಯದಲ್ಲಿ ಅಲ್ಲಾಡುವವನಲ್ಲ. ಏನನ್ನು ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಹೋಲಿಸಿ ನೋಡಲು ಎರಡನ್ನು ಮುಟ್ಟದೆ ಬಿಡಬೇಕು, ಎಲ್ಲಕ್ಕೂ ಚೀಟಿ ಅಂಟಿಸಿ ತಾರೀಕು ಬರೆಯಬೇಕು. ಅವನ ಮನೆಯಲ್ಲಿ ಉಪ್ಪಿನ ಡಬ್ಬಿಗೂ ತಾರೀಕಿದೆ. ಹೆಂಡತಿ ಶೋಭಾಗೆ ಮಾತ್ರ ಇನ್ನೂ ಅಂಟಿಸಿಲ್ಲ, ಅದು ಧೈರ್ಯದ ಕೊರತೆ.

ಈ ತಜ್ಞನ ಪಕ್ಕದ ಮನೆ ರತ್ನಾಕರ ಶೆಟ್ಟರದು. ಉಡುಪಿ ಕಡೆಯವರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡು ಹೋಟೆಲು. ಅವರ ಮಗಳು ಸ್ವಸ್ತಿಕಾ ಇಲ್ಲೇ ಹುಟ್ಟಿ ಬೆಳೆದವಳು, ಗಿಡಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ ಏನೆಂದರೆ, ಮೆಡಿಟರೇನಿಯನ್ ಸಮುದ್ರದ ದಂಡೆಯ ಪೊದೆಗಳು ಮಿತಿಮೀರಿದ ಬಿಸಿಲಿನಿಂದ ತಮ್ಮ ಎಲೆಗಳನ್ನು ಹೇಗೆ ಕಾಪಾಡಿಕೊಳ್ಳುತ್ತವೆ. ಮಿತಿಮೀರಿದ ಬಿಸಿಲನ್ನು ಹುಡುಕಲು ಅವಳು ಆರಿಸಿಕೊಂಡ ಊರು ಬರ್ಮಿಂಗ್‌ಹ್ಯಾಮ್. ಮೊದಲೆರಡು ಬೇಸಿಗೆ ಹುಡುಗಿ ಬಿಸಿಲು ಅಳೆಯುವ ಯಂತ್ರ ಕೈಯಲ್ಲಿ ಹಿಡಿದು ಮೋಡ ನೋಡುತ್ತ ಕಳೆದಳು. ಮೂರನೆಯದು ಕೊನೆಯ ಬೇಸಿಗೆ. ಇದೂ ತಪ್ಪಿದರೆ ಪ್ರಬಂಧದ ಮುಖ್ಯ ಅಧ್ಯಾಯವೇ ಇಲ್ಲ, ಮೂರು ವರ್ಷದ ಓದು ನೀರು ಪಾಲು.

ಆ ಜುಲೈ ಆರಂಭದಲ್ಲಿ ಬಿಸಿಲು ಬರುತ್ತದೆಂದು ಟೀವಿಯವರು ಹೇಳಿದರು. ಹತ್ತು ದಿನ, ಮೂವತ್ತೈದು ಡಿಗ್ರಿವರೆಗೆ. ಸರಿಯಾಗಿ ಅದೇ ಹತ್ತು ದಿನ ಉಡುಪಿಯಲ್ಲಿ ಸ್ವಸ್ತಿಕಾಳ ಅಣ್ಣ ಶೋಭಿತ್‌ನ ಮದುವೆ. ಜನವರಿಯಲ್ಲೇ ಟಿಕೆಟ್ ಆಗಿತ್ತು. ಮದುವೆ ಮುಂದೂಡಲು ಆಗುವುದಿಲ್ಲ, ಸೂರ್ಯನನ್ನೂ ಆಗುವುದಿಲ್ಲ. ಅವಳು ಹನ್ನೆರಡು ಕುಂಡಗಳನ್ನು ಶೆಟ್ಟರ ಮನೆಯ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ನೆರಳೇ ಬೀಳದ ಕಡೆ ಸಾಲಾಗಿಟ್ಟಳು. ಬಿಸಿಲನ್ನೂ ಶಾಖವನ್ನೂ ತಾನೇ ಬರೆದುಕೊಳ್ಳುವ ಒಂದು ಪುಟ್ಟ ಯಂತ್ರ, ನೀರು ತಾನೇ ಹನಿಸುವ ಒಂದು ಪೈಪು. ಎಲ್ಲ ಆದ ಮೇಲೆ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳೋಣವೆಂದು ತಾಯಿ ಜಲಜಾಕ್ಷಿಯೊಂದಿಗೆ ಹಯವದನನ ಮನೆಗೆ ಹೋದಳು. ಆಗ ನಾನೂ ಅಲ್ಲಿದ್ದೆ. ಎರಡು ಮನೆ ಆಚೆ ಇರುವವನು, ಕಾಫಿ ಹೊತ್ತಿಗೆ ಸಾಮಾನ್ಯವಾಗಿ ಅಲ್ಲೇ ಇರುತ್ತೇನೆ.

ಹಿರಿಯರೆಂಬ ಗೌರವಕ್ಕೆ ಹುಡುಗಿ ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು.

"ಅಂಕಲ್, ಗಿಡಕ್ಕೆ ಏನೂ ಮಾಡ್ಬೇಡಿ. ನೀರೂ ಬೇಡ, ಮುಟ್ಟೋದೂ ಬೇಡ. ಸುಮ್ನೆ ಇದ್ರೆ ಸಾಕು."

ಜಲಜಾಕ್ಷಿ ಜೊತೆಗೂಡಿದರು. "ಹೌದು, ನೀವು ಎಂತದ್ದೂ ಮಾಡುವುದು ಬೇಡ ಮಾರಾಯ್ರೆ. ಸುಮ್ಮನೆ ನಿಮಗೆ ತೊಂದ್ರೆ."

ಇಂಗ್ಲಿಷಿನಲ್ಲಿ ಹೇಳಿದ್ದರೆ ಹಯವದನ ಖಂಡಿತ ಕೇಳುತ್ತಿದ್ದ. ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಅವನು ಆಫೀಸಿನ ಆದೇಶವೆಂದೇ ತಿಳಿಯುತ್ತಾನೆ. ಕನ್ನಡದಲ್ಲಿ ಹೇಳಿ ಆ ಹುಡುಗಿ ಕೆಟ್ಟಳು.

ಅವರು ಹೋದ ಮೇಲೆ ಶೋಭಾ ಎಚ್ಚರಿಸಿದಳು. "ರೀ, ಬೇಡ ಅಂದಿದಾರೆ. ಆ ಕಡೆ ತಲೆ ಹಾಕಬೇಡಿ."

"ಬೇಡ ಅನ್ನದೆ ಇನ್ನೇನಂತಾರೆ? ಮಾಡಿ ಅಂತ ಬಾಯಿಬಿಟ್ಟು ಕೇಳ್ತಾರಾ? ಹೋದ ವಾರ ಶೆಟ್ರು ಬಂದಾಗ ಏನೂ ಮಾಡ್ಬೇಡಿ, ಏನೂ ಮಾಡ್ಬೇಡಿ ಅಂತ ಮೂರು ಸಲ ಅಂದ್ರು. ನೀನು ಸುಮ್ನಿದ್ಯಾ? ಕೇಸರಿಬಾತ್ ಮಾಡ್ದೆ. ಎಷ್ಟು ಸಲ ಹಾಕ್ಸಿಕೊಂಡ್ರು?"

"ಎರಡು ಸಲ," ಎಂದಳು ಶೋಭಾ.

"ಮತ್ತೆ!"

ಈ ವಾದದಲ್ಲಿ ಎಲ್ಲೋ ಒಂದು ತೂತಿದೆ ಎಂದು ನನಗೆ ಅನಿಸಿತು. ಆದರೆ ನಾನೂ ಅಂದು 'ಏನೂ ಬೇಡ' ಎಂದು ಹೇಳಿ ಎರಡನೇ ಲೋಟ ಕಾಫಿ ಕುಡಿಯುತ್ತಿದ್ದುದರಿಂದ ಬಾಯಿ ಬಿಡಲಿಲ್ಲ.

ಶೆಟ್ಟರ ಮನೆಯವರು ವಿಮಾನ ಹತ್ತಿದ ಮರುದಿನ ಬೆಳಿಗ್ಗೆ ಏಳಕ್ಕೆ ಹಯವದನ ನನ್ನ ಮನೆಯ ಬಾಗಿಲು ಬಡಿದ.

"ಪ್ರಭಾಕರ್, ಬೇಗ ಬನ್ನಿ. ಆರು ಗಿಡಕ್ಕೆ ಪೂರ್ತಿ ಹಿಟ್ಟು ತಿಗಣೆ. ಇನ್ನಾರು ಸೆಟೆದುಕೊಂಡು ಬಿಟ್ಟಿವೆ."

ಹೋಗಿ ನೋಡಿದರೆ ನಿಜ. ಆರು ಗಿಡಗಳ ಎಲೆಯ ಮೇಲೆಲ್ಲ ಬೂದಿ ಬಣ್ಣದ ಉಣ್ಣೆ, ಕಂಬಳಿಯ ಹಾಗೆ ದಟ್ಟ. ಇನ್ನಾರರ ಎಲೆಗಳು ಹರಡಿಕೊಳ್ಳುವ ಬದಲು ನೆಟ್ಟಗೆ ನಿಂತು, ಅಂಚನ್ನು ಮಾತ್ರ ಸೂರ್ಯನಿಗೆ ತೋರಿಸುತ್ತಿದ್ದವು. ಬುಡದಲ್ಲಿ ದೊಡ್ಡ ದೊಡ್ಡ ಎಲೆಗಳು ಉದುರಿ ಬಿದ್ದಿದ್ದವು. ಹಯವದನ ಮೂಗಿನಿಂದ ಆ ಶಬ್ದ ಹೊರಡಿಸಿದ.

"ಪಾಪ, ಹುಡುಗಿಗೆ ಗೊತ್ತೇ ಆಗಿಲ್ಲ. ಓದು ಬೇರೆ, ಕೈಗುಣ ಬೇರೆ," ಎಂದ.

ಅಂದು ಕಾರ್ಖಾನೆಗೆ ರಜೆ ಹಾಕಿದ. ಉಣ್ಣೆಯ ಗಿಡಗಳಲ್ಲಿ ಎರಡನ್ನು ಆರಿಸಿ, ಶಾಂಪೂ ನೀರಿನಲ್ಲಿ ಬ್ರಷ್ ಅದ್ದಿ, ಒಂದೊಂದೇ ಎಲೆಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಮೇಲೂ ಕೆಳಗೂ ಉಜ್ಜಿದ. ಎದುರು ಮನೆಯ ಡೋರೀನ್‌ಗೆ ಎಪ್ಪತ್ತೆಂಟು ವರ್ಷ. ಆಕೆ ಪರದೆ ಸರಿಸಿ ನೋಡಿದಳು, ಆಮೇಲೆ ಬಾಗಿಲು ತೆರೆದು ನೋಡಿದಳು, ಆಮೇಲೆ ಕುರ್ಚಿಯನ್ನೇ ಹೊರಗೆ ಹಾಕಿಕೊಂಡಳು.

"ಎಷ್ಟು ಹಲ್ಲುಗಳಿವೆ ಅದಕ್ಕೆ?" ಎಂದು ಬೀದಿಯಾಚೆಯಿಂದ ಕೂಗಿ ಕೇಳಿದಳು.

"ಇದು ಆರೋಗ್ಯದ ವಿಷಯ, ಮೇಡಂ," ಎಂದ ಹಯವದನ ಗಂಭೀರವಾಗಿ.

"ಮಲಗುವ ಮುಂಚೆಯೂ ಒಮ್ಮೆ ಉಜ್ಜು. ನನ್ನ ಡೆಂಟಿಸ್ಟ್ ಯಾವಾಗಲೂ ಹೇಳುತ್ತಾನೆ," ಎಂದು ಆಕೆ ಟೀ ತರಲು ಒಳಗೆ ಹೋದಳು.

ಸೆಟೆದ ಗಿಡಗಳಲ್ಲಿ ಎರಡನ್ನು ತೆಗೆದುಕೊಂಡು, ಐಸ್‌ಕ್ರೀಂ ಕಡ್ಡಿಯಿಟ್ಟು, ಶೋಭಾಳ ಹೇರ್‌ಪಿನ್ನು ಸಿಕ್ಕಿಸಿ, ದಾರ ಕಟ್ಟಿ, ಪ್ರತಿ ಎಲೆಯನ್ನೂ ಬಗ್ಗಿಸಿ ಸೂರ್ಯನಿಗೆ ಮುಖ ಕೊಟ್ಟು ಮಲಗುವಂತೆ ಮಾಡಿದ. ಆ ಕಡೆಯಿಂದೆರಡು ಈ ಕಡೆಯಿಂದೆರಡು, ಒಟ್ಟು ನಾಲ್ಕು ಕುಂಡಗಳಿಗೆ ಹುಳಿ ಮಜ್ಜಿಗೆ ಸುರಿದ. ಉಳಿದ ನಾಲ್ಕನ್ನು, ಕಡೆಗೆ ಎರಡರಂತೆ, ಕಾರ್ಖಾನೆಯ ನಿಯಮದ ಪ್ರಕಾರ ಮುಟ್ಟಲಿಲ್ಲ. ಎಲ್ಲಕ್ಕೂ ಚೀಟಿ ಬಿತ್ತು: 'ಉಜ್ಜಿದ್ದು', 'ಮಲಗಿಸಿದ್ದು', 'ಮಜ್ಜಿಗೆ', 'ಹಾಗೇ ಬಿಟ್ಟದ್ದು'. ಕೆಳಗೆ ತಾರೀಕು, ಗಂಟೆ, ಸಹಿ. ಅದೆಲ್ಲ ಒಂದು ನೋಟ್‌ಬುಕ್ಕಿಗೂ ಏರಿತು.

ಸಂಜೆ ನಮ್ಮ ಕನ್ನಡ ಬಳಗದ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ಉಜ್ಜಿದ ಎರಡು ಗಿಡಗಳು ಕಂಬಳಿ ಕಳಚಿ ಹಚ್ಚ ಹಸುರಾಗಿ ಹೊಳೆಯುತ್ತಿದ್ದವು. ಅಡಿಬರಹ: 'ಶೆಟ್ಟರ ಗಿಡಗಳಿಗೆ ಮರುಜನ್ಮ.' ಬಳಗದ ಕಾರ್ಯದರ್ಶಿ ಉಮಾ ಕೈಮುಗಿಯುವ ಚಿಹ್ನೆ ಏಳು ಸಲ ಒತ್ತಿದರು.

ಮೂರು ದಿನ ಹಯವದನ ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆದ. ನಾಲ್ಕನೆಯ ದಿನ ಮೂವತ್ತೈದು ಡಿಗ್ರಿ. ಮಧ್ಯಾಹ್ನದ ಹೊತ್ತಿಗೆ ಉಜ್ಜಿದ ಎಲೆಗಳ ಅಂಚು ಕಂದಿತು. ಸಂಜೆಗೆ ಸುಟ್ಟ ಹಪ್ಪಳದ ಹಾಗಾಯಿತು. ಮಲಗಿಸಿದ ಎಲೆಗಳ ಮೇಲೆ ಬಿಳಿಚಿದ ಮಚ್ಚೆಗಳೆದ್ದವು. ಮಜ್ಜಿಗೆಯ ಕುಂಡಗಳಿಂದ ಬಂದ ವಾಸನೆಗೆ ಡೋರೀನ್‌ಳ ಬೆಕ್ಕು ಬೀದಿ ದಾಟಿ ಬಂದು ಅಲ್ಲೇ ಠಿಕಾಣಿ ಹೂಡಿತು. ಉಪಚಾರವನ್ನೇ ಕಾಣದ ನಾಲ್ಕು ಗಿಡಗಳು ಮಾತ್ರ ಒಂದಿಷ್ಟೂ ನಾಚಿಕೆಯಿಲ್ಲದೆ ಚೆನ್ನಾಗಿದ್ದವು.

ನಾನು ಅದನ್ನು ತೋರಿಸಿದೆ. ಹಯವದನ ಒಪ್ಪಲಿಲ್ಲ. "ಅವಕ್ಕೆ ರೋಗ ಇನ್ನೂ ಒಳಗೇ ಇದೆ. ಮೊದಲು ಇವಕ್ಕೆ ನೆರಳು ಮಾಡ್ಬೇಕು. ಒಂದು ತುದಿ ಹಿಡ್ಕೊಳ್ಳಿ."

ಹಿಡಿದೆ. ಈ ಅಪರಾಧದಲ್ಲಿ ನನ್ನ ಪಾಲು ಅಷ್ಟೇ, ಆದರೆ ಇದೆ. ಭಾನುವಾರ ಬೆಳಿಗ್ಗೆ ನಾಲ್ಕು ಬಿದಿರು ನೆಟ್ಟು, ಅವನ ಮದುವೆಯ ಜರಿ ಪಂಚೆಯನ್ನು ಹನ್ನೆರಡೂ ಕುಂಡಗಳ ಮೇಲೆ ಚಪ್ಪರದ ಹಾಗೆ ಕಟ್ಟಿದೆವು. ಬಿಳಿ ಪಂಚೆ, ಸುತ್ತ ಜರಿಯ ಅಂಚು, ಕೆಳಗೆ ಸಾಲಾಗಿ ಗಿಡ, ನಡುವೆ ಮಜ್ಜಿಗೆಯ ತಂಬಿಗೆ. ದಾರಿಯಲ್ಲಿ ಹೋಗುತ್ತಿದ್ದ ಉಮಾ ಕಾರು ನಿಲ್ಲಿಸಿ, ಚಪ್ಪಲಿ ಕಳಚಿಟ್ಟು ಒಳಗೆ ಬಂದರು.

"ಹೇಳೋದಲ್ವಾ ಹಯವದನ ಅವರೇ? ಯಾವ ವ್ರತ ಇದು?"

"ವ್ರತ ಅಲ್ಲ, ಉಮಾ ಅವರೇ. ಬಿಸಿಲು."

"ಓ, ಸೂರ್ಯಂದಾ?" ಎಂದು ಉಮಾ ಮನೆಗೆ ಹೋಗಿ ತೆಂಗಿನಕಾಯಿ, ಬಾಳೆಹಣ್ಣು ತಂದರು. ಮಧ್ಯಾಹ್ನದೊಳಗೆ ಇನ್ನೂ ಮೂರು ಮನೆಯವರು ಬಂದು ಹೂವಿಟ್ಟು ಹೋದರು. ಹೂವು ನೋಡಿದ ಡೋರೀನ್ ಯಾರೋ ತೀರಿಕೊಂಡಿದ್ದಾರೆಂದು ಭಾವಿಸಿ ಒಂದು ಕೇಕ್ ತಂದುಕೊಟ್ಟು, ಹಯವದನನ ತೋಳು ಸವರಿ, "ಕಾಲ ಎಲ್ಲವನ್ನೂ ವಾಸಿ ಮಾಡುತ್ತದೆ," ಎಂದಳು. ಕೇಕ್ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಗ್ರಹಾಂ ಎಂಬ ಅಧಿಕಾರಿ ಬಂದ. ಮನೆಯ ಮುಂದೆ ಟೆಂಟ್ ಹಾಕಿ ಜನ ಸೇರಿಸುತ್ತಿದ್ದಾರೆ ಎಂದು ಯಾರೋ ಫೋನ್ ಮಾಡಿದ್ದರಂತೆ. ಕೈಯಲ್ಲಿ ಫಾರಂ.

"ಈ ರಚನೆಯ ಉದ್ದೇಶ?"

"ಬಿಸಿಲಿನಿಂದ ರಕ್ಷಣೆ."

ಗ್ರಹಾಂ ಫಾರಂ ತಿರುಗಿಸಿ ನೋಡಿದ. ಮಳೆ ಇತ್ತು, ಗಾಳಿ ಇತ್ತು, ಹಿಮ ಇತ್ತು. "ಬಿಸಿಲಿಗೆ ಇದರಲ್ಲಿ ಜಾಗವಿಲ್ಲ. ಸೊಲಿಹಲ್‌ನಲ್ಲಿ ಯಾರೂ ಕೇಳಿಲ್ಲ. ಯಾರಿಗೆ ರಕ್ಷಣೆ?"

"ಗಿಡಗಳಿಗೆ."

ಅಧಿಕಾರಿ ಬಗ್ಗಿ ಪಂಚೆಯ ಕೆಳಗೆ ನೋಡಿದ. ನೋಡಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮನೆಯ ಹಿತ್ತಲಲ್ಲಿ ಅವನೂ ಇವೇ ಗಿಡ ಬೆಳೆಸಿದ್ದನಂತೆ. ನಮ್ಮ ಅದೃಷ್ಟಕ್ಕೆ ಇಡೀ ಮಿಡ್‌ಲ್ಯಾಂಡ್ಸ್‌ನಲ್ಲಿ ಅಂಥ ಅಧಿಕಾರಿ ಅವನೊಬ್ಬನೇ ಇರಬೇಕು.

"ಇವು ಗ್ರೀಸ್, ಸ್ಪೇನ್ ಕಡೆಯ ಗುಡ್ಡದವು. ಇವಕ್ಕೆ ಬಿಸಿಲಿನಿಂದ ನೆರಳು ಕೊಡುತ್ತಿದ್ದೀರಾ?" ಎಂದ. ಮುಟ್ಟದೆ ಬಿಟ್ಟ ಗಿಡದ ಉಣ್ಣೆ ಎಲೆ ಸವರಿದ. "ಈ ಬಿಳಿ ರೋಮಗಳೇ ಇದರ ಕೊಡೆ. ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಆ ಇನ್ನೊಂದು ಜಾತಿಯದು ಮಧ್ಯಾಹ್ನದ ಬಿಸಿಲು ನೇರ ಬೀಳದಿರಲಿ ಎಂದು ಎಲೆಯನ್ನೇ ನೆಟ್ಟಗೆ ನಿಲ್ಲಿಸಿಕೊಳ್ಳುತ್ತದೆ. ಬೇಸಿಗೆ ಬಂದರೆ ದೊಡ್ಡ ಎಲೆ ಉದುರಿಸಿ ಚಿಕ್ಕದನ್ನು ಇಟ್ಟುಕೊಳ್ಳುತ್ತವೆ. ಬಹಳ ಬುದ್ಧಿವಂತ ಗಿಡ. ಅಂದ ಹಾಗೆ, ಈ ಎರಡರ ರೋಮ ಎಲ್ಲಿ ಹೋಯಿತು?"

ಹಯವದನ ಜೇಬಿನಲ್ಲಿದ್ದ ಬ್ರಷ್ಷನ್ನು ಇನ್ನಷ್ಟು ಒಳಗೆ ತಳ್ಳಿದ. ಅವನ ಮುಖ ನೋಡಲಾಗಲಿಲ್ಲ ನನಗೆ. ಇಷ್ಟು ದಿನ ಅವನ ಮೇಲೆ ನಕ್ಕವನಿಗೆ ಆ ಗಳಿಗೆಯಲ್ಲಿ ನಗು ಬರಲಿಲ್ಲ. ರೋಗವೆಂದು ಅವನು ತೆಗೆದದ್ದೆಲ್ಲ ಗಿಡದ ರಕ್ಷಣೆಯೇ ಆಗಿತ್ತು. ಒಂದನ್ನೂ ಬಿಟ್ಟಿರಲಿಲ್ಲ.

ಗ್ರಹಾಂ ಟೆಂಟ್ ತೆಗೆಯಲು ಹೇಳಿ, ಫಾರಂನ ಅಂಚಿನಲ್ಲಿ 'ಬಿಸಿಲು' ಎಂದು ಕೈಯಲ್ಲೇ ಬರೆದು, ಒಂದು ಬಾಳೆಹಣ್ಣು ತಿಂದು ಹೋದ.

ಅರ್ಧ ಗಂಟೆಯಲ್ಲಿ ಹಯವದನ ಚೇತರಿಸಿಕೊಂಡ. ಅದೇ ಅವನಲ್ಲಿರುವ ಭಯಂಕರ ಗುಣ. ಅಂಗಡಿಗೆ ಹೋಗಿ, ಮಕ್ಕಳ ಮೈಗೆ ಹಚ್ಚುವ ಸನ್‌ಸ್ಕ್ರೀನ್ ಕ್ರೀಮು ಮೂರು ಬಾಟಲಿ ತಂದ, ಐವತ್ತನೇ ನಂಬರಿನದು. "ಕೊಡೆ ಕಿತ್ತವನೇ ಕೊಡೆ ಕೊಡ್ಬೇಕು," ಎಂದು ಉಜ್ಜಿದ ಗಿಡದ ಒಂದು ಕೊಂಬೆಗೆ ಹಚ್ಚಿ ಮುಗಿಸುವಷ್ಟರಲ್ಲಿ ಶೋಭಾ ಹೊರಗೆ ಬಂದಳು.

"ಕೊಡಿ ಇಲ್ಲಿ ಆ ಬಾಟ್ಲಿ."

"ಶೋಭಾ, ಒಂದೇ ಕೊಂಬೆ ಆಗಿರೋದು..."

"ಒಂದೇ ಕೊಂಬೆ ಸಾಕು. ಇನ್ನೊಂದು ಸಲ ಆ ಗಿಡ ಮುಟ್ಟಿದ್ರೆ ಮಜ್ಜಿಗೆ ನಿಮ್ಮ ತಲೆ ಮೇಲೆ ಸುರೀತೀನಿ. ಆ ಹುಡುಗಿ ಮೂರು ವರ್ಷ ಬಿಸಿಲಿಗೆ ಕಾದಿದಾಳೆ ರೀ! ಅವಳಿಗೆ ಏನಂತ ಹೇಳ್ತೀರಾ?"

ಹೇಳುವ ಅಗತ್ಯ ಬರಲಿಲ್ಲ. ಉಮಾ ಚಪ್ಪರದ ಚಿತ್ರವನ್ನು 'ಸೊಲಿಹಲ್‌ನಲ್ಲಿ ಸೂರ್ಯಾರಾಧನೆ' ಎಂದು ಬರೆದು ಎಲ್ಲ ಕಡೆ ಕಳಿಸಿದ್ದರು. ಅದು ಉಡುಪಿಯ ಮದುವೆ ಮನೆಗೂ ತಲುಪಿತ್ತು.

ಗುರುವಾರ ಸ್ವಸ್ತಿಕಾ ಏರ್‌ಪೋರ್ಟಿನಿಂದ ನೇರ ಕುಂಡಗಳ ಮುಂದೆ ಬಂದು ನಿಂತಳು. ಕೈಯಲ್ಲಿ ಇನ್ನೂ ಮೆಹಂದಿ, ಸೂಟ್‌ಕೇಸು ಬೀದಿಯಲ್ಲೇ. ಸುಟ್ಟ ಎಲೆ ನೋಡಿದಳು, ಹೇರ್‌ಪಿನ್ನು ನೋಡಿದಳು, ಕ್ರೀಮು ಒಣಗಿದ ಕೊಂಬೆಗೆ ಅಂಟಿಕೊಂಡ ನೊಣಗಳನ್ನು ನೋಡಿದಳು. ಅವಳ ಕಣ್ಣಿಂದ ನೀರು ಇಳಿಯಿತು.

"ಐ ಸೆಡ್ ನಥಿಂಗ್, ಅಂಕಲ್. ಏನೂ ಮಾಡ್ಬೇಡಿ ಅಂದ್ನಲ್ಲ. ದಿಸ್ ವಾಸ್ ಮೈ ಲಾಸ್ಟ್ ಸಮ್ಮರ್."

ಶೆಟ್ಟರು ಹಿಂದೆ ನಿಂತು, "ಇರಲಿ ಮಗಾ, ಇರಲಿ," ಎನ್ನುತ್ತಿದ್ದರು. ಜಲಜಾಕ್ಷಿ ಮಗಳ ಬೆನ್ನು ಸವರುತ್ತಿದ್ದರು. ಹತ್ತು ವರ್ಷದಲ್ಲಿ ಮೊದಲ ಸಲ ಹಯವದನ ಸಮರ್ಥನೆಗೆ ಇಳಿಯಲಿಲ್ಲ.

"ತಪ್ಪಾಯ್ತಮ್ಮ," ಎಂದ. "ಪೂರ್ತಿ ನಂದೇ ತಪ್ಪು. ಏನೇನು ಮಾಡಿದೀನಿ ಎಲ್ಲ ಇದ್ರಲ್ಲಿದೆ." ಆ ನೋಟ್‌ಬುಕ್ಕು ಕೊಟ್ಟ.

ಅವಳು ಕಣ್ಣೊರೆಸಿಕೊಂಡು ಒಂದು ಪುಟ ತಿರುಗಿಸಿದಳು. ಇನ್ನೊಂದು ತಿರುಗಿಸಿದಳು. ಆಮೇಲೆ ಸೂಟ್‌ಕೇಸಿನ ಮೇಲೆ ಕೂತಳು.

"ಈ ಎರಡರಲ್ಲಿ ಎಷ್ಟು ಎಲೆ ಉಜ್ಜಿದ್ರಿ?"

"ನಾನೂರ ಹನ್ನೆರಡು."

"ನಾನೂರ...? ಎಲ್ಲಾನೂ? ಎರಡೂ ಸೈಡ್?"

"ಕೆಳಗಡೆನೇ ಜಾಸ್ತಿ ಇತ್ತಮ್ಮ," ಎಂದ ಹಯವದನ ತಲೆ ತಗ್ಗಿಸಿ.

"ಮಲಗಿಸಿದ್ದು ಅಂದ್ರೆ ಫ್ಲಾಟ್ ಆಗಿ ಕಟ್ಟಿದ್ದಾ? ಯಾವ ದಿನ? ಇದಕ್ಕೆ ಮಜ್ಜಿಗೆ ಹಾಕಿಲ್ವಾ? ಶೂರ್?"

"ಒಂದು ಸಲಕ್ಕೆ ಒಂದೇ ಬದಲಾವಣೆ, ಪುಟ್ಟಿ. ಅದು ನಿಯಮ."

ಅವಳು ಎದ್ದಳು. ಮನೆಯೊಳಗಿನಿಂದ ಎಲೆಯ ಆರೋಗ್ಯ ಅಳೆಯುವ ಒಂದು ಯಂತ್ರ ತಂದು, ಎಲೆ ಎಲೆಗೂ ಸಿಕ್ಕಿಸಿ, ಕತ್ತಲಾಗುವವರೆಗೂ ಅಳೆದಳು. ಇಡೀ ಬೀದಿ ಅವಳನ್ನೇ ನೋಡಿತು. ಆಮೇಲೆ ಅವಳೇ ನಮಗೆ ಬಿಡಿಸಿ ಹೇಳಿದಳು. ರೋಮ ತೆಗೆದರೆ ಎಲೆಗೆ ಏನಾಗುತ್ತದೆಂದು ನೋಡಲು ಅವಳೂ ಬ್ಲೇಡಿನಿಂದ ಬೋಳಿಸಿ ನೋಡಿದ್ದಳಂತೆ. ಎರಡು ದಿನದಲ್ಲಿ ಒಂಬತ್ತು ಎಲೆ ಆಯಿತು, ಅದರಲ್ಲಿ ನಾಲ್ಕು ಹರಿದವು. ಇಡೀ ಗಿಡವನ್ನು ಬೋಳಿಸಲು ಸರಿಯಾದ ತಲೆಯಿರುವ ಯಾವ ಮನುಷ್ಯನಿಂದಲೂ ಆಗದು ಎಂದು ಅವಳ ಪ್ರೊಫೆಸರು ಆ ಯೋಜನೆಯನ್ನೇ ಕೈಬಿಡಿಸಿದ್ದರು.

ಪ್ರೊಫೆಸರು ಬಂದು ನೋಡಿದರು. ಮಜ್ಜಿಗೆಯ ನಾಲ್ಕು ಕುಂಡ ಲೆಕ್ಕದಿಂದ ಹೊರಗೆ ಹೋದವು, ಕ್ರೀಮಿನ ಕೊಂಬೆ ಹೊರಗೆ ಹೋಯಿತು. ಭಾನುವಾರವನ್ನೂ ಬಿಡಬೇಕಾಯಿತು, ಯಂತ್ರದ ದಾಖಲೆಯಲ್ಲಿ ಅಂದು ಸೊಲಿಹಲ್‌ಗೆ ಮಾತ್ರ ಗ್ರಹಣ ಹಿಡಿದಿತ್ತು. ಆದರೂ ಉಳಿದದ್ದು ಅಧ್ಯಾಯಕ್ಕೆ ಸಾಕಾಯಿತು. ಪ್ರಬಂಧದಲ್ಲಿ ಒಂದು ಸಾಲಿದೆ, ಕಣ್ಣಾರೆ ಓದಿದ್ದೇನೆ: 'ಎಲೆಯ ರೋಮಗಳನ್ನು ಮಧ್ಯಮ ಗಡಸಿನ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಲಾಯಿತು.' ಯಾರು ತೆಗೆದರೆಂದು ಪರೀಕ್ಷಕರು ಕೇಳಿದ್ದಕ್ಕೆ ಅವಳು, "ನಮ್ಮ ಪಕ್ಕದ ಮನೆಯವರು," ಎಂದಳಂತೆ. ಅವರು ಮುಂದೆ ಕೇಳಲಿಲ್ಲ.

ಪಿಎಚ್‌ಡಿ ಬಂದ ವಾರ ಶೆಟ್ಟರು ಪತ್ನಿ ಸಮೇತ ಮಂಗಳೂರು ಹಲ್ವದ ಡಬ್ಬಿ ಹಿಡಿದು ಹಯವದನನ ಮನೆಗೆ ಬಂದರು. ನಾನೂ ಇದ್ದೆ. ಕೂತುಕೊಳ್ಳುತ್ತಲೇ ಜಲಜಾಕ್ಷಿ, "ಎಂತದ್ದೂ ಮಾಡ್ಬೇಡಿ ಆಯ್ತಾ, ಈಗಷ್ಟೇ ಕಾಫಿ ಕುಡಿದು ಬಂದದ್ದು," ಎಂದರು.

ಶೋಭಾ ಎದ್ದಳು. ಹಯವದನ ಅವಳ ಕೈ ಹಿಡಿದು ಕೂರಿಸಿದ.

"ಬೇಡ ಅಂದಿದಾರಲ್ಲ, ಶೋಭಾ. ಬೇಡ ಅಂದ್ರೆ ಬೇಡ. ಅಷ್ಟೂ ಬುದ್ಧಿ ಬರದಿದ್ರೆ ಹೇಗೆ?" ಎಂದು ಹೆಮ್ಮೆಯಿಂದ ನನ್ನ ಕಡೆ ನೋಡಿದ. ಬದಲಾದ ಮನುಷ್ಯ.

ಶೋಭಾ ಮೂರು ಸಲ ಎದ್ದಳು. ಮೂರು ಸಲವೂ ಅವನು ಕೂರಿಸಿದ. ಮುಕ್ಕಾಲು ಗಂಟೆ ಎಲ್ಲರೂ ಗಿಡಗಳ ಬಗ್ಗೆ ಮಾತಾಡಿದೆವು. ಶೆಟ್ಟರು ಎರಡು ಸಲ ಅಡುಗೆಮನೆಯ ಕಡೆ ನೋಡಿದರು. ನಾನೂ ನೋಡಿದೆ. ಆಮೇಲೆ ಅವರು ಎದ್ದು ಹೋದರು.

ಮರುದಿನ ಬಸ್‌ಸ್ಟಾಪಿನಲ್ಲಿ ಸಿಕ್ಕ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಜಲಜಾಕ್ಷಿ ಕೇಳಿದರಂತೆ: "ಅಲ್ಲ, ನಾವು ಎಂತ ತಪ್ಪು ಮಾಡಿದ್ದು ಮಾರಾಯ್ರೆ? ಗಿಡ ಸುಟ್ಟದ್ದಕ್ಕೆ ನಾವು ಒಂದು ಮಾತಾದರೂ ಅಂದದ್ದುಂಟಾ? ಒಂದು ಲೋಟ ಕಾಫಿ ಬೇಕಾ ಅಂತ ಸಹ ಕೇಳಲಿಲ್ಲ!"